ಶಬ್ದ ಕೇಳಿಬಂತೇ?

ನಮ್ಮ ಶೋರೂಮಿನ ಎಡಗೋಡೆಯ ಮೇಲೆ ಕಂಪನಿಯ ಚರಿತ್ರೆ ಇದೆ. ಹನ್ನೊಂದು ಫೋಟೋ, ಪ್ರತಿಯೊಂದರ ಕೆಳಗೂ ನಾಲ್ಕು ಸಾಲು. ಹೊಸ ಕಾರು ಕೊಂಡವರ ಕೈಗೆ ಕೀಲಿ ಕೊಡುವ ಮುಂಚೆ ಅವರನ್ನು ಆ ಗೋಡೆಯ ಮುಂದೆ ನಿಲ್ಲಿಸಿ ಕಥೆ ಹೇಳಬೇಕು ಅಂತ ಜಪಾನಿನ ಹೆಡ್ಡಾಫೀಸಿನಿಂದಲೇ ಅಪ್ಪಣೆಯಾಗಿದೆ. ಹೇಳುವವಳು ನಾನು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಗಂಡ ಮನೆ ಬಿಟ್ಟು ಹೋದದ್ದು ಹೇಗೆ ಅಂತ ಯಾರಾದರೂ ಕೇಳಿದರೆ ತಡವರಿಸುತ್ತೇನೆ, ಕಂಪನಿ ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಉಸಿರು ತೆಗೆದುಕೊಳ್ಳದೆ ಒಪ್ಪಿಸುತ್ತೇನೆ.

ಹುಟ್ಟುಹಾಕಿದವನು ಬಾವಿಯ ಪಂಪು ರಿಪೇರಿ ಮಾಡಿಕೊಂಡು ಊರೂರು ಅಲೆಯುತ್ತಿದ್ದ ಮನುಷ್ಯ. ಪಂಪನ್ನು ಬಿಚ್ಚುವ ಮುಂಚೆ ಕಣ್ಣು ಮುಚ್ಚಿ, ಅದಕ್ಕೆ ಕಿವಿ ಹಚ್ಚಿ ಕೂರುತ್ತಿದ್ದನಂತೆ. ಯುದ್ಧ ಮುಗಿದ ಮೇಲೆ ಗುಜರಿ ಕಬ್ಬಿಣ ಆಯ್ದು ಮೂರು ಚಕ್ರದ ಸಾಮಾನು ಗಾಡಿ ಮಾಡಿದ. ಅದು ಓಡಿತು. ಹತ್ತು ವರ್ಷದ ಮೇಲೆ ನಾಲ್ಕು ಚಕ್ರದ ಕಾರು ಮಾಡಿದ. ಆ ಮೊದಲನೇ ಕಾರಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಏರು ಬಂದರೆ ಒಳಗಿದ್ದವರೇ ಇಳಿದು ತಳ್ಳಬೇಕಿತ್ತು. ಇದು ಗೋಡೆಯ ಮೇಲಿಲ್ಲ, ಹಳೆಯ ಕೈಪಿಡಿಯಲ್ಲಿ ಓದಿದ್ದು. ಎಂಟನೇ ಫೋಟೋದಲ್ಲಿ ಕಂಪನಿಯ ಕಾರು ಹೊತ್ತು ನಮ್ಮ ಬಂದರಿಗೆ ಬಂದ ಮೊದಲ ಹಡಗು. ಹನ್ನೊಂದನೆಯದರಲ್ಲಿ ಮುದುಕನಾದ ಸ್ಥಾಪಕ ಬಾನೆಟ್ಟಿಗೆ ಕಿವಿಯಿಟ್ಟು ನಗುತ್ತಿದ್ದಾನೆ. ಪಕ್ಕದಲ್ಲೇ ಹನ್ನೆರಡನೆಯದೊಂದನ್ನು ನಮ್ಮ ಮ್ಯಾನೇಜರು ತಾವಾಗಿ ಸೇರಿಸಿದರು. ಅದರಲ್ಲಿ ನಮ್ಮ ಭಾವ ಫಲಕ ಹಿಡಿದು ನಿಂತಿದ್ದಾರೆ. ಇಡೀ ದೇಶದ ಫೋರ್ಮನ್‌ಗಳಲ್ಲಿ ಅತ್ಯುತ್ತಮ ಕಿವಿ ಅಂತ ಕಂಪನಿ ಅವರಿಗೆ ಕೊಟ್ಟ ಬಹುಮಾನ.

ಭಾವ ಅಂದರೆ ಅಕ್ಕನ ಗಂಡ, ವರ್ಕ್‌ಶಾಪಿನ ಫೋರ್ಮನ್. ನನ್ನ ಸಂಸಾರ ಮುರಿದುಬಿದ್ದ ವಾರವೇ ನನಗೆ ಈ ಕೆಲಸ ಕೊಡಿಸಿ, ತಮ್ಮ ಮನೆಯ ಮೇಲಿನ ಕೋಣೆ ಖಾಲಿ ಮಾಡಿಸಿ, ಮಂಚವನ್ನು ತಾವೇ ಹೊತ್ತು ತಂದು ಹಾಕಿದವರು. ಅದನ್ನು ಇವತ್ತಿನವರೆಗೆ ಒಂದು ಸಲವೂ ಎತ್ತಿ ಆಡಿಲ್ಲ. ಹಾಗೆ ಎತ್ತಿ ಆಡದವರ ಋಣ ತೀರಿಸುವುದು ಬಹಳ ಕಷ್ಟ.

ಕಥೆ ಹೇಳುವುದು ನನ್ನ ಅರ್ಧ ಕೆಲಸ. ಉಳಿದರ್ಧ, ಸರ್ವಿಸ್‌ಗೆ ಬಂದ ಮಾಲೀಕರ ಅಭಿಪ್ರಾಯ ಬರೆದುಕೊಳ್ಳುವುದು. ಜನ ಕಾರಿನ ಬಗ್ಗೆ ಮಾತಾಡುವಷ್ಟು ಮನಸ್ಸು ಬಿಚ್ಚಿ ಹೆಂಡತಿ ಮಕ್ಕಳ ಬಗ್ಗೆ ಮಾತಾಡುವುದಿಲ್ಲ. ಟ್ಯಾಕ್ಸಿಯವರೊಬ್ಬರು ಬರೆಸಿದ್ದರು: "ಓಡಿಸೋಕೆ ಏನೂ ಮಜಾ ಇಲ್ಲ. ಆದರೆ ಎಂಟು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲ. ನಮ್ಮಣ್ಣನ ಥರ." ಹಲ್ಲಿನ ಡಾಕ್ಟರು: "ಹಾಳಾದ್ದು ಕೆಡೋದೇ ಇಲ್ಲ, ಹೊಸದು ತಗೊಳ್ಳೋಕೆ ಮನೇಲಿ ಏನಂತ ನೆಪ ಹೇಳಲಿ?" ಮಂಡಿನೋವಿನ ಅಜ್ಜಿ: "ಕೂರೋಕೆ ಸಲೀಸು, ಎಬ್ಬಿಸೋಕೆ ಇಬ್ಬರು ಬೇಕು." ಹಾರ್ನ್ ಮಾತ್ರ ಕ್ಷಮೆ ಕೇಳಿದ ಹಾಗೆ ಕೂಗುತ್ತದೆ ಅಂತ ಸುಮಾರು ಜನರ ದೂರು. ಇವೆಲ್ಲದರ ಕೊನೆಗೆ ಹತ್ತರಲ್ಲಿ ಒಂಬತ್ತು ಜನ ಬರೆಸುವ ಮಾತು ಒಂದೇ: "ನಿಮ್ಮ ಫೋರ್ಮನ್ ಇರೋವರೆಗೂ ನಮಗೆ ಚಿಂತೆ ಇಲ್ಲ."

ಅದಕ್ಕೆ ಕಾರಣ ಕಂಪನಿಯ ಒಂದು ಪದ್ಧತಿ. ಕಾರಿನಲ್ಲಿ ಏನೋ ಶಬ್ದ ಬರುತ್ತಿದೆ ಅಂತ ಮಾಲೀಕರು ಹೇಳಿದರೆ ಮೊದಲು ಯಾರೂ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ. ಮಾಲೀಕರು ಓಡಿಸಬೇಕು, ಫೋರ್ಮನ್ ಪಕ್ಕದಲ್ಲಿ ಕೂರಬೇಕು. ರೇಡಿಯೋ ಇಲ್ಲ, ಮಾತಿಲ್ಲ, ಬೈಪಾಸಿನಲ್ಲಿ ಮೂರು ಕಿಲೋಮೀಟರ್. ಬಂದ ಮೇಲೆ ನಾನು ಹಾಳೆ ತುಂಬುತ್ತೇನೆ. ಅದರಲ್ಲಿ ದಪ್ಪಕ್ಷರದಲ್ಲಿ ಒಂದೇ ಪ್ರಶ್ನೆ: "ಶಬ್ದ ಕೇಳಿಬಂತೇ?" ಪಕ್ಕದಲ್ಲಿ ಎರಡು ಚೌಕ. ಹೌದು ಅಂದರೆ ಕಾರು ಲಿಫ್ಟ್ ಹತ್ತುತ್ತದೆ. ಇಲ್ಲ ಅಂದರೆ ಗೇಟು ದಾಟುತ್ತದೆ. ಫೋರ್ಮನ್ ಇಲ್ಲ ಅಂದ ಕಾರನ್ನು ಬಿಚ್ಚಿ ನೋಡುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ.

ಅಂಥ ಭಾವನಿಗೆ ಕಿವಿ ಕೇಳಿಸುತ್ತಿಲ್ಲ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಅವರ ಮೇಜಿನ ಫೋನು ಹೊಡೆದುಕೊಳ್ಳುತ್ತಿತ್ತು, ಅವರು ಅದರ ಪಕ್ಕದಲ್ಲೇ ಕೂತು ಆರಾಮಾಗಿ ಪೆನ್ಸಿಲ್ ಹೆರೆಯುತ್ತಿದ್ದರು. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಮಾತಾಡುವವರ ತುಟಿ ನೋಡುತ್ತಿದ್ದರು. ಮನೆಯಲ್ಲಿ ಅಕ್ಕ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಅಕ್ಕ ಅದನ್ನು ಕೊಬ್ಬು ಅಂತ ತಿಳಿದುಕೊಂಡು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂವತ್ತು ವರ್ಷ ತಗಡು ಬಡಿಯುವ ಸದ್ದಿನ ನಡುವೆ, ನಟ್ಟು ಬಿಚ್ಚುವ ಏರ್ ಗನ್ನಿನ ಪಕ್ಕ ನಿಂತವರ ಕಿವಿ ಇನ್ನು ಹೇಗಿರಬೇಕು? ನಾನು ಯಾರಿಗೂ ಹೇಳಲಿಲ್ಲ. ಮಾಲೀಕರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಭಾವನ ಮುಂದೆ ಇಡಲು ಶುರು ಮಾಡಿದೆ. ಅವರು ಯಾಕೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಿವೃತ್ತಿಗೆ ಇನ್ನು ಮೂರು ವರ್ಷ, ಅಲ್ಲಿಯವರೆಗೆ ಹೇಗೋ ಮಾನವಾಗಿ ಸಾಗಿದರೆ ಸಾಕು ಅಂದುಕೊಂಡೆ. ಆ ಫೋಟೋ ಗೋಡೆಯಿಂದ ಇಳಿಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಹೀಗಿರುವಾಗ ಬಂದವರು ಸ್ಟೆನೋ ಮೇಡಂ. ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಳ್ಳುವ ಕೆಲಸ. ತೆಳ್ಳಗಿನ ಹೆಂಗಸು, ಮದುವೆಯಾಗಿಲ್ಲ, ಬೂದು ಬಣ್ಣದ ಒಂಬತ್ತು ವರ್ಷದ ಕಾರು. ಅಳೆದು ತೂಗಿ ಮಾತಾಡುತ್ತಿದ್ದರು.

"ಅರವತ್ತು ದಾಟಿದ ಮೇಲೆ ಗುಂಯ್ ಅಂತ ಒಂದು ಶಬ್ದ. ಮುಂದೆ, ಎಡಗಡೆ. ಬಲಕ್ಕೆ ತಿರುಗಿಸಿದರೆ ಜೋರಾಗತ್ತೆ, ಎಡಕ್ಕೆ ತಿರುಗಿಸಿದರೆ ಕಡಿಮೆಯಾಗತ್ತೆ."

ಇಷ್ಟು ಚೆನ್ನಾಗಿ ದೂರು ಹೇಳಿದವರನ್ನು ನಾನು ನೋಡಿಯೇ ಇರಲಿಲ್ಲ. ಚೀಟಿಯಲ್ಲಿ ಬರೆದು ಭಾವನಿಗೆ ಕೊಟ್ಟೆ. ಹೋಗಿ ಬಂದರು. ಇಲ್ಲ ಅಂದರು. ಹದಿನೈದು ದಿನದ ಮೇಲೆ ಮೇಡಂ ಮತ್ತೆ ಬಂದರು. ಮತ್ತೆ ಇಲ್ಲ. ತಿಂಗಳ ಮೇಲೆ ಮೂರನೇ ಸಲ ಬಂದಾಗ ಅವರ ದನಿ ಇಳಿದುಹೋಗಿತ್ತು. "ನಿಮಗೆ ತೊಂದರೆ ಕೊಡ್ತಿದೀನಿ ಅಂತ ಗೊತ್ತು," ಅಂದರು.

ಮೂರನೇ ಸಲಕ್ಕೆ ಕಂಪನಿಯಲ್ಲಿ ಇನ್ನೊಂದು ಪದ್ಧತಿ ಇದೆ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂರಬೇಕು. ಮೂರನೆಯ ಕಿವಿ ಅಂತ ಕರೆಯುತ್ತಾರೆ. ಸಾಮಾನ್ಯವಾಗಿ ಯಾರಾದರೂ ಹಿರಿಯ ಮೆಕ್ಯಾನಿಕ್ ಹೋಗುತ್ತಾರೆ. ಅವತ್ತು ಭಾವ ಎಲ್ಲರನ್ನೂ ಬಿಟ್ಟು ನನ್ನ ಕಡೆ ನೋಡಿದರು.

"ನೀನು ಬಾ."

"ನಾನಾ? ನನಗೇನು ಗೊತ್ತಾಗತ್ತೆ ಭಾವ?"

"ಕಿವಿ ಇದೆಯಲ್ಲ, ಸಾಕು."

ಹೋದೆ. ಬೈಪಾಸಿಗೆ ಬಂದು ಮುಳ್ಳು ಅರವತ್ತು ದಾಟಿದ ತಕ್ಷಣ ಶಬ್ದ ಬಂತು. ಅದೇನೂ ಹುಡುಕಿ ಕೇಳಿಸಿಕೊಳ್ಳಬೇಕಾದ ಶಬ್ದವಲ್ಲ. ಪಕ್ಕದ ಬೀದಿಯಲ್ಲಿ ಹಿಟ್ಟಿನ ಗಿರಣಿ ಓಡುತ್ತಿದ್ದ ಹಾಗಿತ್ತು. ಬಲತಿರುವಿನಲ್ಲಿ ಜೋರಾಯಿತು, ಎಡತಿರುವಿನಲ್ಲಿ ಇಳಿಯಿತು. ಮೇಡಂ ಹೇಳಿದ್ದಕ್ಕೆ ಒಂದಕ್ಷರ ಆಚೀಚೆ ಇಲ್ಲ. ಭಾವ ಕಣ್ಣು ಮುಚ್ಚಿ ಕೂತಿದ್ದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ನಾನು ಹುಬ್ಬು ಎತ್ತಿದರೂ ಸಾಕು, ಭಾವನ ಮರ್ಯಾದೆ ಅಲ್ಲೇ ಆ ಕಾರಿನಲ್ಲೇ ಹೋಗುತ್ತದೆ ಅನ್ನಿಸಿತು. ಒಮ್ಮೆ ಅವರು ಕಣ್ಣು ತೆರೆದು, ಮುಂದಿನ ಕನ್ನಡಿ ತಮ್ಮ ಕಡೆ ತಿರುಗಿಸಿಕೊಂಡು ನನ್ನನ್ನು ನೋಡಿದರು. ನಾನು ಏನೂ ಕೇಳಿಸದವಳ ಹಾಗೆ ಕಿಟಕಿಯಾಚೆ ನೋಡುತ್ತ ಕೂತೆ.

ವಾಪಸು ಬಂದು ಕಾರು ನಿಲ್ಲಿಸಿದ ಮೇಲೆ ಭಾವ ಹೇಳಿದರು. "ಏನೂ ಇಲ್ಲ ಮೇಡಂ."

ಮೇಡಂ ಸೀಟಿನಲ್ಲೇ ಹಿಂದಕ್ಕೆ ತಿರುಗಿದರು. "ನಿಮಗೆ?"

"ಇಲ್ಲ," ಅಂದೆ.

"ಬಲಕ್ಕೆ ತಿರುಗಿದಾಗಲೂ?"

"ನನಗೇನೂ ಕೇಳಿಸಲಿಲ್ಲ ಮೇಡಂ."

ಅವರು ತಲೆಯಾಡಿಸಿದರು. ಒಳಗೆ ಬಂದು ನಾನೇ ಇಲ್ಲ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಎಂದಿನ ಹಾಗೆ ತಾರೀಖು ಬರೆದು ಸಹಿ ಹಾಕಿದೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎರಡು ತಿಂಗಳ ಮೇಲೆ ಮೇಡಂ ನಡೆದುಕೊಂಡು ಬಂದರು. ಕಾರು ಮಾರಬೇಕು, ನಿಮ್ಮ ಮೂಲಕವೇ ಯಾರಿಗಾದರೂ ಕೊಡಿಸಿ ಅಂದರು. ಅಭಿಪ್ರಾಯದ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬರೆದರು, ಅಚ್ಚು ಹಾಕಿದಂಥ ಅಕ್ಷರ. "ಒಂಬತ್ತು ವರ್ಷದಲ್ಲಿ ಈ ಕಾರಿನಿಂದ ನನಗೆ ಯಾವ ತೊಂದರೆಯೂ ಆಗಿಲ್ಲ. ದೋಷ ನನ್ನ ಕಿವಿಯದು. ಫೋರ್ಮನ್ನರ ಸಮಯ ಹಾಳು ಮಾಡಿದ್ದಕ್ಕೆ ಕ್ಷಮೆ ಇರಲಿ." ಮ್ಯಾನೇಜರಿಗೆ ಅದು ಎಷ್ಟು ಹಿಡಿಸಿತೆಂದರೆ ಜಪಾನಿಗೆ ಕಳಿಸುವ ಕಟ್ಟಿನಲ್ಲಿ ಅದನ್ನೇ ಮೇಲೆ ಇಟ್ಟರು.

ಆ ಕಾರನ್ನು ಕೊಂಡವರು ನಮ್ಮ ಭಾವ.

ಪುಟ್ಟಿಗೆ ಅಂತ. ಪುಟ್ಟಿ ಅವರ ಒಬ್ಬಳೇ ಮಗಳು, ಊರಾಚೆಯ ಆಸ್ಪತ್ರೆಯ ಲ್ಯಾಬಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಹೋಗಿ ಬರುವುದು ಹೆದ್ದಾರಿಯಲ್ಲಿ. ನಾನು ಎತ್ತಿ ಆಡಿಸಿದ ಹುಡುಗಿ, ಈಗಲೂ ತಲೆನೋವು ಬಂದರೆ ಅಮ್ಮನ ಹತ್ತಿರ ಹೋಗದೆ ಮಹಡಿ ಹತ್ತಿ ನನ್ನ ಮಂಚದ ಮೇಲೆ ಮಲಗುತ್ತಾಳೆ. "ಮೂರು ಸಲ ನಾನೇ ಕೂತು ನೋಡಿದ ಕಾರು. ಇದಕ್ಕಿಂತ ಗ್ಯಾರಂಟಿ ಇನ್ನೇನು ಬೇಕು?" ಅಂತ ಭಾವ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದರು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಮಾರನೆಯ ದಿನ ಹೇಳೋಣ ಅಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಪುಟ್ಟಿಗೆ, "ಬಸ್ಸಲ್ಲೇ ಹೋಗೇ, ಟ್ರಾಫಿಕ್ ಜಾಸ್ತಿ," ಅಂದೆ. ಅವಳು ನಕ್ಕು ಹೊರಟುಹೋದಳು. ಮೂರನೇ ದಿನ ಭಾವನ ಎದುರು ನಿಂತು, ತುಟಿ ಕಾಣುವ ಹಾಗೆ, "ಒಂದು ಸಲ ಚಕ್ರ ಬಿಚ್ಚಿ ನೋಡಬಾರದಾ?" ಅಂದೆ. "ಯಾಕೆ? ಹಾಳೆ ಇದೆಯಲ್ಲ, ನೀನೇ ಬರೆದಿದ್ದು," ಅಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹೀಗೆ ಹನ್ನೊಂದು ದಿನ. ದಿನಾ ಸಂಜೆ ಗೇಟಿನ ಸದ್ದು ಕೇಳುವವರೆಗೆ ಕಿಟಕಿ ಬಿಟ್ಟು ಅಲುಗುತ್ತಿರಲಿಲ್ಲ, ಕೇಳಿದ ಮೇಲೆ ಇವತ್ತಿಗೆ ಪಾರಾದೆ ಅಂದುಕೊಂಡು ಕೆಳಗಿಳಿದು ಕಾಫಿ ಮಾಡುತ್ತಿದ್ದೆ. ಪಾರಾಗಿದ್ದು ಅವಳೋ ನಾನೋ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಹನ್ನೆರಡನೇ ದಿನ ಭಾನುವಾರ. ನನ್ನ ಕನ್ನಡಕ ತರಲು ಪುಟ್ಟಿಯೇ ಕರೆದುಕೊಂಡು ಹೊರಟಳು. ಮೇಲ್ಸೇತುವೆ ಹತ್ತಿ ಬಲಕ್ಕೆ ಹೊರಳಿದಾಗ ಎಡಗಡೆಯಿಂದ ಬಂದ ಸದ್ದು ಈಗ ಗುಂಯ್ ಅನ್ನುತ್ತಿರಲಿಲ್ಲ, ಕಲ್ಲು ಅರೆದ ಹಾಗೆ ಕರಕರ ಅನ್ನುತ್ತಿತ್ತು. ಕಾಲಿನ ಕೆಳಗಿನ ತಗಡು ಅದುರುತ್ತಿತ್ತು.

"ನಿಧಾನ ಮಾಡು. ಇನ್ನೂ ನಿಧಾನ. ಮನೆಗೆ ತಿರುಗಿಸು."

"ಏನಾಯ್ತು ಚಿಕ್ಕಮ್ಮ? ಈ ಸದ್ದಿಗಾ? ಅಪ್ಪಂಗೆ ಹೇಳಿದೆ. ಏನೂ ಇಲ್ಲ ಅಂದ್ರು."

"ನಿನಗೆ ಕೇಳಿಸ್ತಿದೆ ತಾನೆ?"

"ಕೇಳಿಸತ್ತೆ. ಆದ್ರೆ ಅಪ್ಪನೇ ಇಲ್ಲ ಅಂದ ಮೇಲೆ?"

ಇಪ್ಪತ್ತರ ವೇಗದಲ್ಲಿ, ಹಿಂದಿನವರ ಬೈಗುಳ ತಿನ್ನುತ್ತ ಮನೆ ಸೇರಿದೆವು. ಭಾವ ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ನಾನು ಅದನ್ನು ಕೈಯಿಂದ ಕಿತ್ತು ಕೆಳಗಿಟ್ಟೆ. ಹದಿನಾಲ್ಕು ವರ್ಷದಲ್ಲಿ ಅವರ ಮುಂದೆ ಹಾಗೆ ನಡೆದುಕೊಂಡಿದ್ದು ಅದೇ ಮೊದಲು.

"ಎಡಗಡೆ ಮುಂದಿನ ಚಕ್ರ ಎತ್ತಿ ನೋಡಿ."

ಅವರು ಜಾಕ್ ತಂದು ಎತ್ತಿದರು. ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಒಳಗಿನ ಸ್ಪ್ರಿಂಗಿನ ಮೇಲೆ ಇಟ್ಟರು. ಅಲ್ಲಿಗೆ ಗೊತ್ತಾಯಿತು ಅವರಿಗೆ. ಅಂಗೈ ಅದುರುವುದು ನನಗೇ ಕಾಣುತ್ತಿತ್ತು. ಆಮೇಲೆ ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಉದುರುವ ಹಲ್ಲಿನ ಹಾಗೆ ಅಲ್ಲಾಡಿತು. ಒಳಗಿನ ಬೇರಿಂಗ್ ಪೂರ್ತಿ ಹೋಗಿತ್ತು. ಇನ್ನೆರಡು ದಿನ ಹೆದ್ದಾರಿಯಲ್ಲಿ ಓಡಿಸಿದ್ದರೆ ಏನಾಗುತ್ತಿತ್ತು ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕ ಪುಟ್ಟಿಯ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದಳು.

ಭಾವ ನೆಲದ ಮೇಲೆ ಕೂತೇ ಇದ್ದರು. "ನಿನಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಹಿಂದೆ ಕೂತಾಗಲೇ."

"ಸದ್ದು ಬಂದಿತ್ತಾ ಅವತ್ತು?"

"ಜೋರಾಗೇ ಬಂದಿತ್ತು ಭಾವ. ನಿಮಗೆ ಕೇಳಿಸ್ತಿಲ್ಲ ಅಂತ ಎರಡು ವರ್ಷದಿಂದ ನನಗೆ ಗೊತ್ತು. ನಾಲ್ಕು ಜನರ ಮುಂದೆ ನಿಮ್ಮ ಮಾನ ಹೋಗಬಾರದು ಅಂತ..."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ನನಗೆ ಕೇಳಿಸಲ್ಲ ಅಂತ ನನಗೆ ಗೊತ್ತಿಲ್ವೇನೇ?" ಅಂದರು. ಸಿಟ್ಟಿನಲ್ಲಲ್ಲ. "ನಿನ್ನನ್ನ ಯಾಕೆ ಕರ್ಕೊಂಡು ಹೋದೆ ಅಂದ್ಕೊಂಡೆ? ಮೆಕ್ಯಾನಿಕ್ ಆದ್ರೆ ನನ್ನ ಹೆದರಿಕೆಗೆ ಸುಳ್ಳು ಹೇಳ್ತಾನೆ, ನೀನು ಹೇಳಲ್ಲ ಅಂತ. ಅದಕ್ಕೇ ಕನ್ನಡಿ ತಿರುಗಿಸಿ ನೋಡಿದ್ದು. ನೀನು ಕಿಟಕಿ ಕಡೆ ನೋಡ್ತಾ ಇದ್ದೆ. ಹಾಗಾದ್ರೆ ನಿಜವಾಗ್ಲೂ ಏನೂ ಇಲ್ಲ ಅಂದ್ಕೊಂಡೆ. ನಿನ್ನ ಮುಖ ನೋಡಿ ನಾನು ಇಲ್ಲ ಅಂದಿದ್ದು. ಆ ಧೈರ್ಯದ ಮೇಲೆ ಮಗಳಿಗೆ ಕೊಡಿಸಿದ್ದು."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಆ ಮಾತಿನ ಅರ್ಥ ಅವತ್ತು ತಿಳಿಯಿತು. ನಾನು ಅವರ ಮಾನ ಕಾಪಾಡಲು ಹೋಗಿ, ಅವರು ನನ್ನ ಮುಖ ನಂಬಿ, ಒಬ್ಬ ಹುಡುಗಿಯನ್ನು ಹನ್ನೊಂದು ದಿನ ಆ ಚಕ್ರದ ಮೇಲೆ ಕೂರಿಸಿ ಕಳಿಸಿದ್ದೆವು. ಭಾವನಾದರೂ ತಿಳಿಯದೆ ಕಳಿಸಿದರು. ನಾನು ತಿಳಿದೂ ಕಳಿಸಿದೆ.

ಸೋಮವಾರ ಭಾವ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಮ್ಯಾನೇಜರು ಬಾಗಿಲು ಹಾಕಿಕೊಂಡು, "ಆಗಿದ್ದು ಆಗಿಹೋಯ್ತು, ಈಗ ಯಾಕೆ ಕೆದಕ್ತೀರಿ? ರಜೆ ಹಾಕಿ ಮನೇಲಿರಿ, ನಿವೃತ್ತಿ ಹೊತ್ತಿಗೆ ಒಂದು ಒಳ್ಳೆ ಸಮಾರಂಭ ಮಾಡೋಣ," ಅಂದರಂತೆ. ಭಾವ ಅಲ್ಲೇ ರಾಜೀನಾಮೆ ಬರೆದುಕೊಟ್ಟು ಹೊರಬಂದರು. ಶೋರೂಮಿನ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ನನ್ನ ಮೇಜಿಗೆ ಬಂದರು.

"ಎರಡು ವರ್ಷದ ಹಾಳೆ ತೆಗಿ. ನಾನು ಇಲ್ಲ ಅಂದ ಕಾರುಗಳದ್ದು. ಎಲ್ಲಾ ವಾಪಸ್ ಕರೆಸಿ ಲಿಫ್ಟ್ ಹತ್ತಿಸಬೇಕು."

"ಮ್ಯಾನೇಜರ್ ಒಪ್ತಾರಾ?"

"ಅವರನ್ನ ಯಾರು ಕೇಳಿದ್ರು? ಫೋನ್ ನೀನು ಮಾಡು. ನನಗೆ ಫೋನಲ್ಲಿ ಏನೂ ಕೇಳಿಸಲ್ಲ." ಸ್ವಲ್ಪ ತಡೆದು ಹೇಳಿದರು, "ಮೊದಲು ಅವರಿಗೆ ಮಾಡು."

ಮೂವತ್ತೆಂಟು ಹಾಳೆಗಳಿದ್ದವು. ಅವುಗಳಲ್ಲಿ ಸ್ಟೆನೋ ಮೇಡಂ ಅವರದು ಮೂರು. ಮೇಡಂ ಅವರ ಕಾರು ನಮ್ಮ ಅಂಗಳದಲ್ಲೇ ಇದೆ, ಅವರನ್ನು ಕರೆಸುವ ಅಗತ್ಯ ಇರಲಿಲ್ಲ. ಆದರೂ ಭಾವ ಯಾಕೆ ಹಾಗೆ ಹೇಳಿದರು ಅಂತ ನನಗೆ ಗೊತ್ತಿತ್ತು. ಭಾವ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಬಾಯಿ ನೋಡುತ್ತಿದ್ದರು. ನಂಬರ್ ಒತ್ತಿದೆ.

"ಮೇಡಂ, ಕಾರಿನ ಕಂಪನಿಯಿಂದ. ನಿಮ್ಮ ಕಾರಿನ ಎಡಗಡೆ ಬೇರಿಂಗ್ ಹೋಗಿತ್ತು ಮೇಡಂ. ನೀವು ಹೇಳ್ತಿದ್ದ ಸದ್ದು ನಿಜ. ನಿಮ್ಮ ಕಿವಿಗೆ ಏನೂ ಆಗಿಲ್ಲ."

ಆ ಕಡೆಯಿಂದ ಅದೇ ಅಳೆದು ತೂಗಿದ ದನಿ.

"ಕಿವಿ ಡಾಕ್ಟರೂ ಹಾಗೇ ಹೇಳಿದ್ರು. ನಾನೇ ನಂಬಲಿಲ್ಲ. ನಿಮ್ಮ ಫೋರ್ಮನ್ ಮೂರು ಸಲ ಇಲ್ಲ ಅಂದ ಮೇಲೆ ಡಾಕ್ಟರು ಸಮಾಧಾನಕ್ಕೆ ಹೇಳ್ತಿದಾರೆ ಅಂದ್ಕೊಂಡೆ. ಇಲ್ಲದ್ದು ಕೇಳಿಸ್ತಿದೆ ಅಂದ್ರೆ ಸಾಕ್ಷಿ ಹೇಳಿದ್ದನ್ನೂ ನಾನು ತಪ್ಪು ಬರೀತಿರಬಹುದು. ಒಂದು ಪದ ಹೆಚ್ಚು ಕಡಿಮೆ ಆದ್ರೆ ಯಾರೋ ಜೈಲಿಗೆ ಹೋಗ್ತಾರೆ. ಅದಕ್ಕೆ ಕೆಲಸ ಬಿಟ್ಟೆ. ನನ್ನ ಕಿವಿ ಸರಿ ಇಲ್ಲ ಅಂತ ನಾನೇ ಬರೆದುಕೊಟ್ಟು ಬಂದೆ. ಹೋದ ತಿಂಗಳು ಒಂದನೇ ತಾರೀಖು."

ಕ್ಷಮಿಸಿ ಅನ್ನುವುದಕ್ಕೂ ನಾಚಿಕೆಯಾಯಿತು.

"ಫೋರ್ಮನ್ನರಿಗೆ ಕೇಳಿಸಿರಲಿಕ್ಕಿಲ್ಲ," ಅಂದರು ಮೇಡಂ. "ವಯಸ್ಸಾಗಿದೆ, ಇರಲಿ. ನೀವು ಹಿಂದೆ ಕೂತಿದ್ರಿ. 'ನಿಮಗೆ?' ಅಂತ ಕೇಳಿದೆ. 'ಇಲ್ಲ' ಅಂದ್ರಿ. 'ಬಲಕ್ಕೆ ತಿರುಗಿದಾಗಲೂ?' ಅಂತ ಕೇಳಿದೆ. 'ನನಗೇನೂ ಕೇಳಿಸಲಿಲ್ಲ ಮೇಡಂ' ಅಂದ್ರಿ. ನಾನು ಬರೆದಿಟ್ಟುಕೊಂಡಿದೀನಿ. ಸರಿ ಬರೆದಿದೀನಾ?"

"ಸರಿಯಾಗೇ ಬರೆದಿದೀರಿ."

"ಕೇಳಿಸಿತ್ತಾ?"

ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರಿಗೂ ಓದಲು ಬರುವ ಹಾಗೆ, ಒಂದೊಂದಕ್ಷರ ಬಿಡಿಸಿ ಹೇಳಿದೆ.

"ಕೇಳಿಸಿತ್ತು ಮೇಡಂ."

ಕಾಗದ ಮಗುಚಿದ ಸದ್ದು, ಆಮೇಲೆ ಪೆನ್ಸಿಲು ಓಡಿದ ಸದ್ದು ಬಂತು. ಅವರು ಫೋನ್ ಇಡಲಿಲ್ಲ, ಬೈಯಲೂ ಇಲ್ಲ. ಬರೆಯುವುದು ಮುಗಿದ ಮೇಲೆ ಕೇಳಿದರು.

"ಮತ್ತೆ ಯಾಕೆ ಇಲ್ಲ ಅಂದ್ರಿ?"

ಅದಕ್ಕೆ ಉತ್ತರ ನನ್ನ ಎದುರಿಗೇ ಕೂತು ನನ್ನ ತುಟಿಯನ್ನೇ ನೋಡುತ್ತಿತ್ತು. ಆ ಕಡೆ ಮೇಡಂ ಕಾಯುತ್ತಿದ್ದರು.